ಮಕ್ಕಳಿಗೆ ಜಲಚಕ್ರ ಮತ್ತು ನಮ್ಮೂರ ಮಳೆ: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಮೊದಲು ಏಳು ವರ್ಷ ಮಲೆನಾಡಿನ ತೀರ್ಥಹಳ್ಳಿ ಕಡೆ ಇದ್ದೆ, ಆಮೇಲೆ ಬಯಲುಸೀಮೆಗೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿಗೆ ಬಂದೆ. ಪುಸ್ತಕ ಅದೇ, ಪಾಠ ಅದೇ: ಜಲಚಕ್ರ, ಅಂದರೆ ನೀರು ಆವಿಯಾಗಿ, ಮೋಡವಾಗಿ, ಮಳೆಯಾಗಿ ಮತ್ತೆ ನೆಲಕ್ಕೆ ಬರುವ ಸುತ್ತು. ಅಲ್ಲಿ ಜೂನ್ ತಿಂಗಳಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನನ್ನ ದನಿಯೇ ಮಕ್ಕಳಿಗೆ ಕೇಳುತ್ತಿರಲಿಲ್ಲ. ಇಲ್ಲಿ ಅದೇ ಜೂನ್‌ನಲ್ಲಿ ಮಕ್ಕಳು ಕಿಟಕಿಯಿಂದ ಮೋಡ ಹಾದು ಹೋಗುವುದನ್ನು ನೋಡುತ್ತಾ ಕೂತಿರುತ್ತಾರೆ. ಒಂದೇ ಪಾಠವನ್ನು ಎರಡೂ ಕಡೆ ಒಂದೇ ಥರ ಹೇಳಲು ಆಗುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಹೀಗೆ. ಜೊತೆಯ ಶಿಕ್ಷಕರು, ಕೆಲವು ಪೋಷಕರು ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಜಲಚಕ್ರವನ್ನು ಯಾವ ತರಗತಿಯಿಂದ ಶುರು ಮಾಡಬಹುದು?

ಒಂದನೇ ತರಗತಿಯಿಂದಲೇ. ಆದರೆ ‘ಜಲಚಕ್ರ’ ಅನ್ನುವ ಪದ ಆಗ ಬೇಡ. ನಲಿಕಲಿ (ಚಟುವಟಿಕೆಯ ಮೂಲಕ ಕಲಿಯುವ ಒಂದರಿಂದ ಮೂರನೇ ತರಗತಿ) ಮಕ್ಕಳಿಗೆ ಒದ್ದೆ ಬಟ್ಟೆ, ಒಣ ಬಟ್ಟೆ, ಬೆಳಗಿನ ಇಬ್ಬನಿ, ಅನ್ನದ ಪಾತ್ರೆಯ ಮುಚ್ಚಳ ಇಷ್ಟು ಸಾಕು. ಹೆಸರುಗಳನ್ನು ನಾಲ್ಕು, ಐದನೇ ತರಗತಿಯಲ್ಲಿ ಕೊಡಿ. ಮೊದಲು ಅನುಭವ, ಆಮೇಲೆ ಹೆಸರು.

ಪುಸ್ತಕದ ಚಿತ್ರದಿಂದಲೇ ಶುರು ಮಾಡಿದರೆ ತಪ್ಪಾ?

ತಪ್ಪಲ್ಲ, ಆದರೆ ಅದರಿಂದ ಶುರು ಮಾಡಬೇಡಿ. ಚಳ್ಳಕೆರೆಗೆ ಬಂದ ವರ್ಷ ನಾನು ಬೋರ್ಡ್ ತುಂಬ ಅಂದವಾಗಿ ಚಿತ್ರ ಬಿಡಿಸಿದೆ. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಹಿಮದ ಬೆಟ್ಟ, ನಡುವೆ ಬಾಣಗಳು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಇದರಲ್ಲಿ ನಮ್ಮೂರು ಎಲ್ಲಿದೆ?" ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಆ ಮಕ್ಕಳು ಸಮುದ್ರ ನೋಡಿಲ್ಲ, ಹಿಮ ನೋಡಿಲ್ಲ. ಅವರು ನೋಡಿರುವುದು ಕೆರೆ, ಕೊಳವೆಬಾವಿ, ಶೇಂಗಾ ಹೊಲ. ಆ ಮೂರೂ ನನ್ನ ಚಿತ್ರದಲ್ಲಿ ಇರಲಿಲ್ಲ.

ಈಗ ನಾನು ಚಿತ್ರವನ್ನು ಪಾಠದ ಕೊನೆಗೆ ಇಟ್ಟುಕೊಳ್ಳುತ್ತೇನೆ, ಅದನ್ನೂ ಮಕ್ಕಳಿಂದಲೇ ಬಿಡಿಸುತ್ತೇನೆ.

ಒಣಗಿದ ನೀರು ಇಲ್ಲವಾಗುವುದಿಲ್ಲ ಅಂತ ತೋರಿಸೋದು ಹೇಗೆ?

ಮಳೆ ನಿಂತ ಮೇಲೆ ಅಂಗಳದಲ್ಲಿ ನಿಂತ ನೀರಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ. ಗಂಟೆಗೊಂದು ಗೆರೆ. ಮಳೆ ಇಲ್ಲದಿದ್ದರೆ ಒಂದು ಚೊಂಬು ನೀರು ಸುರಿದರಾಯಿತು. ನೆಲ ಸಿಮೆಂಟಿನದಾಗಿರಲಿ. ಮಣ್ಣಾದರೆ ನೀರು ಇಂಗಿತಾ, ಆರಿತಾ ಅನ್ನುವ ಗೊಂದಲ ಬರುತ್ತದೆ.

ಅದೇ ದಿನ ನಾಲ್ಕು ಕರವಸ್ತ್ರ ನೆನೆಸಿ ಹಿಂಡಿ. ಒಂದು ಬಿಸಿಲಿಗೆ, ಒಂದು ನೆರಳಿಗೆ, ಒಂದು ಗಾಳಿ ಬೀಸುವ ಕಡೆ, ಇನ್ನೊಂದನ್ನು ಮಡಚಿ ಇಡಿ. ಯಾವುದು ಮೊದಲು ಒಣಗುತ್ತೆ ಅಂತ ಮೊದಲೇ ಊಹೆ ಬರೆಸಿ. ನೀರು ಆವಿಯಾಗಲು ಕುದಿಯಬೇಕು ಅಂತ ತುಂಬಾ ಮಕ್ಕಳು ನಂಬಿರುತ್ತಾರೆ. ನೆರಳಿನ ಬಟ್ಟೆಯೂ ಒಣಗಿದ್ದನ್ನು ನೋಡಿದಾಗ ಆ ನಂಬಿಕೆ ತಾನಾಗಿ ಸಡಿಲವಾಗುತ್ತದೆ.

ಮಲೆನಾಡಿನಲ್ಲಿ ಇದನ್ನು ಜುಲೈನಲ್ಲಿ ಮಾಡಿದರೆ ನಾಲ್ಕೂ ಬಟ್ಟೆ ಸಂಜೆವರೆಗೆ ಒದ್ದೆಯೇ ಇರುತ್ತವೆ. ಪ್ರಯೋಗ ಕೆಟ್ಟಿತು ಅಂದುಕೊಳ್ಳಬೇಡಿ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದೆ, ಅದಕ್ಕೇ ಅಜ್ಜಿ ಬಟ್ಟೆಗಳನ್ನು ಹಂಡೆ ಒಲೆಯ ಹತ್ತಿರ ಹರಡುವುದು. ಮಕ್ಕಳಿಗೆ ಇದು ಮನೆಯಲ್ಲಿ ದಿನಾ ಕಾಣುವ ಸಂಗತಿ.

ತಣ್ಣನೆಯ ಲೋಟದ ಹೊರಗೆ ಹನಿ ಕೂತಿದ್ದು ಒಳಗಿನ ನೀರು ಸೋರಿ ಅಂತ ಮಕ್ಕಳು ವಾದ ಮಾಡುತ್ತಾರೆ. ಏನು ಮಾಡಲಿ?

ವಾದ ಮಾಡಲಿ ಬಿಡಿ. ಇಡೀ ಪಾಠದಲ್ಲಿ ಕಷ್ಟದ ಜಾಗ ಇದೇ, ಅವಸರ ಬೇಡ. ಮಡಕೆ ಸೋರುವುದನ್ನು ಮಕ್ಕಳು ನೋಡಿದ್ದಾರೆ. ಹಾಗಾಗಿ ಅವರ ಊಹೆಗೆ ಕಾರಣ ಇದೆ.

ಮೂರು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಮಾಮೂಲಿ ನೀರು, ಇನ್ನೊಂದರಲ್ಲಿ ಐಸ್ ಹಾಕಿದ ನೀರು, ಮೂರನೆಯದರಲ್ಲಿ ಐಸ್ ಜೊತೆ ಅರಿಶಿನ ಕದಡಿದ ನೀರು. ಹೊರಗೆ ಚೆನ್ನಾಗಿ ಒರೆಸಿ, ಮುಚ್ಚಳ ಮುಚ್ಚಿ ಇಡಿ. ಸ್ವಲ್ಪ ಹೊತ್ತಿಗೆ ತಣ್ಣನೆಯ ಎರಡು ಲೋಟಗಳ ಮೇಲೆ ಹನಿ ಮೂಡುತ್ತವೆ. ಅರಿಶಿನದ ಲೋಟವನ್ನು ಬಿಳಿ ಕಾಗದದಿಂದ ಒರೆಸಿಸಿ. ಕಾಗದ ಹಳದಿಯಾಗುವುದಿಲ್ಲ. ಒಳಗಿನ ನೀರು ಹೊರಗೆ ಬಂದಿದ್ದರೆ ಬಣ್ಣವೂ ಬರಬೇಕಿತ್ತು, ಅಲ್ವಾ? ಹಾಗಾದರೆ ಈ ನೀರು ಎಲ್ಲಿಂದ ಬಂತು? ಇಷ್ಟು ಕೇಳಿ ಸುಮ್ನೆ ನಿಂತುಬಿಡಿ. ಯಾರಾದರೂ ಒಬ್ಬರು "ಗಾಳಿಯಿಂದ" ಅನ್ನುವ ತನಕ ಕಾಯಿರಿ. ಒಮ್ಮೆ ನಾನು ಎರಡು ದಿನ ಕಾದಿದ್ದೇನೆ.

ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ತುಂಬಾ ಒಣಗಿರುತ್ತದೆ, ಹನಿ ಸರಿಯಾಗಿ ಮೂಡುವುದಿಲ್ಲ. ಮಳೆಗಾಲದಲ್ಲಿ ಮಾಡಿ.

ಮೋಡ ಅಂದರೆ ನೀರಾವಿಯೇ?

ಅಲ್ಲ. ಶಿಕ್ಷಕರೂ ಇಲ್ಲಿ ತಪ್ಪುತ್ತಾರೆ, ನಾನೂ ಮೊದಲು ಹಾಗೇ ಹೇಳಿಕೊಟ್ಟಿದ್ದೆ. ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಮೋಡ ಅಂದರೆ ತುಂಬಾ ಸಣ್ಣ ನೀರಹನಿಗಳು, ಎತ್ತರದಲ್ಲಾದರೆ ಮಂಜುಗಡ್ಡೆಯ ಚೂರುಗಳು. ಇಡ್ಲಿ ಪಾತ್ರೆಯಿಂದ ಬೆಳ್ಳಗೆ ಏಳುವುದೂ ಆಗಲೇ ಹನಿಯಾಗಿರುವ ನೀರು. ಮಲೆನಾಡಿನ ಮಕ್ಕಳಿಗೆ ಇದು ಸುಲಭ. ಬೆಳಿಗ್ಗೆ ಮಂಜಿನೊಳಗೆ ನಡೆದು ಬಂದವರ ಕೂದಲ ಮೇಲೆ ಹನಿ ಕೂತಿರುತ್ತದೆ. "ನೀವು ಈಗ ಮೋಡದೊಳಗೆ ನಡೆದು ಬಂದಿರಿ" ಅಂದರೆ ಮುಖ ಅರಳುತ್ತದೆ.

ಸಮುದ್ರದ ನೀರು ಉಪ್ಪು. ಮಳೆ ನೀರು ಯಾಕೆ ಉಪ್ಪಲ್ಲ?

ನೀರು ಆವಿಯಾಗಿ ಹೋಗುವಾಗ ಉಪ್ಪು ಕೆಳಗೇ ಉಳಿಯುತ್ತದೆ. ತಟ್ಟೆಯಲ್ಲಿ ಉಪ್ಪುನೀರು ಹಾಕಿ ಬಿಸಿಲಿಗಿಡಿ, ಸಂಜೆಗೋ ಮಾರನೆ ದಿನಕ್ಕೋ ಬಿಳಿ ಪುಡಿ ಸಿಗುತ್ತದೆ. ಕರಾವಳಿಯ ಸಾಣಿಕಟ್ಟೆಯಲ್ಲಿ ಉಪ್ಪು ಮಾಡುವುದೂ ಹೀಗೇ ಅಂತ ಸೇರಿಸಿ.

ನಮ್ಮೂರ ಹತ್ತಿರ ಸಮುದ್ರವೇ ಇಲ್ಲ. ನಮಗೆ ಮಳೆ ಎಲ್ಲಿಂದ ಬರುತ್ತದೆ? ಆಗುಂಬೆಗೆ ಅಷ್ಟು, ನಮಗೆ ಇಷ್ಟೇ ಯಾಕೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಸ್ಥಳೀಯ ವಾಯುಗುಣದ ಪಾಠ ಪೂರ್ತಿ ಇದರೊಳಗಿದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಚಳ್ಳಕೆರೆಯಲ್ಲಿ 500ರ ಆಸುಪಾಸು. ಎರಡರ ನಡುವೆ ನೇರ ದೂರ 200 ಕಿಲೋಮೀಟರ್‌ಗಿಂತ ಕಡಿಮೆ. ಮಕ್ಕಳಿಂದ ನೆಲದ ಮೇಲೆ ಎರಡು ಗೆರೆ ಎಳೆಸಿ. ಒಂದು 7 ಮೀಟರ್ ಉದ್ದ, ಇನ್ನೊಂದು ಅರ್ಧ ಮೀಟರ್. ಅಷ್ಟು ಆಳದ ನೀರು ಒಂದು ವರ್ಷದಲ್ಲಿ ಆಕಾಶದಿಂದ ಬೀಳುತ್ತದೆ ಅಂತ ಹೇಳಿ. ಮೊದಲನೆಯದು ನಮ್ಮ ಶಾಲೆಯ ಕಟ್ಟಡಕ್ಕಿಂತ ಎತ್ತರ. ಎರಡನೆಯದು ಮಕ್ಕಳ ಮೊಣಕಾಲಿಗಿಂತ ಸ್ವಲ್ಪ ಮೇಲೆ.

ಇನ್ನು ಕಾರಣ. ಜೂನ್‌ನಿಂದ ಅರಬ್ಬಿ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತದೆ. ಅದರ ತುಂಬ ನೀರಾವಿ. ಕರಾವಳಿ ದಾಟಿದ ಕೂಡಲೇ ಎದುರಿಗೆ ಪಶ್ಚಿಮಘಟ್ಟದ ಗೋಡೆ. ಗಾಳಿ ಮೇಲೆ ಹತ್ತಲೇಬೇಕು. ಮೇಲೆ ಹತ್ತಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಆಗ ಆವಿ ಹನಿಯಾಗಿ ಘಟ್ಟದ ಮೇಲೇ ಸುರಿಯುತ್ತದೆ. ಘಟ್ಟ ಇಳಿದು ಈ ಕಡೆ ಬರುವಾಗ ಅದೇ ಗಾಳಿ ಮತ್ತೆ ಬೆಚ್ಚಗಾಗುತ್ತದೆ, ಮೋಡ ತೆಳುವಾಗುತ್ತದೆ. ನಮಗೆ ಉಳಿಯುವುದು ಆಷಾಢದ ಬರೀ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುವುದೂ ಆಗಲೇ. ನಾವು ಮಳೆ ನೆರಳಿನಲ್ಲಿ ಇದ್ದೇವೆ. ಮರಕ್ಕೆ ನೆರಳು ಇರುವ ಹಾಗೆ ಬೆಟ್ಟಕ್ಕೂ ಒಂದು ನೆರಳಿದೆ ಅಂದರೆ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ.

ಹಿಗ್ಗಿದ ಗಾಳಿ ತಣ್ಣಗಾಗುತ್ತೆ ಅನ್ನುವುದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಗಟ್ಟಿಯಾಗಿ ಗಾಳಿ ಹೊಡೆದ ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟು, ಹೊರಗೆ ನುಗ್ಗುವ ಗಾಳಿಗೆ ಬೆರಳು ಒಡ್ಡಿಸಿ. ತಣ್ಣಗೆ ತಾಗುತ್ತದೆ.

ಹಾಗಾದರೆ ನಮಗೆ ಮಳೆ ಬರುವುದು ಯಾವಾಗ? ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಧ್ಯಾಹ್ನ ಕಾದ ನೆಲದಿಂದ ಎದ್ದ ಗಾಳಿ ಗುಡುಗಿನ ಮೋಡವಾಗಿ ಸಂಜೆ ಸುರಿಯುತ್ತದೆ. ಹಿಂಗಾರಿನಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದಲೂ ಮೋಡ ಬರುತ್ತದೆ. ನಮ್ಮ ಮಕ್ಕಳಿಗೆ ಎರಡು ಸಮುದ್ರಗಳೂ ನೆಂಟರು.

ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳುತ್ತೇನೆ. ತೀರ್ಥಹಳ್ಳಿ ಮುಂದೆ ಹರಿಯುವ ತುಂಗೆ ಭದ್ರೆಯ ಜೊತೆ ಸೇರಿ ತುಂಗಭದ್ರೆಯಾಗುತ್ತಾಳೆ. ನಮ್ಮ ಕಡೆಯ ವೇದಾವತಿ ಬಳ್ಳಾರಿ ಕಡೆಗೆ ಹೋಗಿ ಅದೇ ತುಂಗಭದ್ರೆಯನ್ನು ಸೇರುತ್ತಾಳೆ. ನನ್ನ ಹಳೆಯ ಶಾಲೆಯ ಅಂಗಳದಿಂದ ಹರಿದ ಹನಿ, ಈಗಿನ ಶಾಲೆಯ ಅಂಗಳದಿಂದ ಹರಿದ ಹನಿ ಎರಡೂ ಒಂದೇ ಹೊಳೆಯಲ್ಲಿ ಸೇರಿ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗಬಹುದು. ನಕಾಶೆಯ ಮೇಲೆ ಬೆರಳಿಟ್ಟು ಈ ದಾರಿಯಲ್ಲಿ ನಡೆಸಿ.

ಹವಾಮಾನಕ್ಕೂ ವಾಯುಗುಣಕ್ಕೂ ವ್ಯತ್ಯಾಸ ಹೇಗೆ ಹೇಳಲಿ?

ಇವತ್ತು ಬೆಳಿಗ್ಗೆ ಮಳೆ ಬಂತು, ಮಧ್ಯಾಹ್ನ ಬಿಸಿಲು ಬಂತು ಅಂದರೆ ಹವಾಮಾನ. ನಮ್ಮೂರಲ್ಲಿ ಸಾಮಾನ್ಯವಾಗಿ ಯಾವ ತಿಂಗಳು ಹೇಗಿರುತ್ತೆ ಅನ್ನುವುದು ವಾಯುಗುಣ. ಅದನ್ನು ಲೆಕ್ಕ ಹಾಕಲು ಸಾಮಾನ್ಯವಾಗಿ 30 ವರ್ಷಗಳ ಅಳತೆ ತೆಗೆದುಕೊಳ್ಳುತ್ತಾರೆ. ಮಕ್ಕಳಿಗೆ ಹೀಗೆ ಹೇಳಿ: ಗೆಳೆಯ ಇವತ್ತು ಸಿಟ್ಟಾಗಿದ್ದಾನೆ, ಅದು ಹವಾಮಾನ. ಅವನ ಸ್ವಭಾವ ಏನು, ಅದು ವಾಯುಗುಣ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಹಿರಿಯೂರು ತಾಲೂಕಿನ ವಾಣಿವಿಲಾಸ ಸಾಗರ. ವೇದಾವತಿಗೆ ಕಟ್ಟಿದ ಈ ಅಣೆಕಟ್ಟನ್ನು ಜನ ಈಗಲೂ ಮಾರಿಕಣಿವೆ ಅನ್ನುತ್ತಾರೆ. ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಆದ ಮೇಲೆ. ಅದರ ಮುಂದಿನ ವರ್ಷ, 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ರಲ್ಲಿ ಬರ ಅಂತ ಸರ್ಕಾರ ಘೋಷಿಸಿತು. ಒಂದು ವರ್ಷ ಮಾತ್ರ ನೋಡಿ ಊರಿನ ಮಳೆಯ ಸ್ವಭಾವ ಹೇಳಬಾರದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಮಳೆಮಾಪಕಕ್ಕೆ ನಮ್ಮ ಶಾಲೆಯಲ್ಲಿ ದುಡ್ಡಿಲ್ಲ. ಏನು ಮಾಡೋದು?

ದುಡ್ಡು ಬೇಡ. ನೆಟ್ಟಗಿನ ಮೈಯಿರುವ ಎರಡು ಲೀಟರ್ ಬಾಟಲಿ ಸಾಕು. ಮೇಲಿನ ಕುತ್ತಿಗೆ ಭಾಗ ಕತ್ತರಿಸಿ, ತಲೆಕೆಳಗು ಮಾಡಿ ಅದರೊಳಗೇ ಕೂರಿಸಿ. ಅದು ಆಲಿಕೆಯ ಹಾಗೆ ಕೆಲಸ ಮಾಡುತ್ತದೆ, ಒಳಗಿನ ನೀರು ಬೇಗ ಆರುವುದನ್ನೂ ತಡೆಯುತ್ತದೆ. ಕತ್ತರಿಸುವುದು ದೊಡ್ಡವರ ಕೆಲಸ. ಬಾಟಲಿಯ ತಳ ಸಮ ಇರುವುದಿಲ್ಲ. ಹಾಗಾಗಿ ಕೆಳಗೆ ಸಣ್ಣ ಕಲ್ಲು ಹಾಕಿ, ಮೈ ನೆಟ್ಟಗಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಹಾಕಿ. ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಅಂಟಿಸಿ. ಬಯಲಲ್ಲಿ ಇಡಿ, ಗೋಡೆ, ಮರದಿಂದ ದೂರ. ಗಾಳಿಗೆ ಬೀಳದ ಹಾಗೆ ಸುತ್ತ ಇಟ್ಟಿಗೆ ಒತ್ತಿ.

ದಿನಾ ಬೆಳಿಗ್ಗೆ 8:30ಕ್ಕೆ ಓದಿಸಿ. ಭಾರತೀಯ ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಅದೇ ಹೊತ್ತಿಗೆ ಲೆಕ್ಕ ಹಾಕುತ್ತದೆ. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಇಲಾಖೆಯ ಲೆಕ್ಕದಲ್ಲಿ ಅದು ‘ಮಳೆ ದಿನ’. ಈ ಅಳತೆ ಗೊತ್ತಾದ ಮೇಲೆ ಮಕ್ಕಳು ಸುಮ್ಮನೆ ‘ಮಳೆ ಬಂತು’ ಅನ್ನುವುದಿಲ್ಲ. ‘ನಿನ್ನೆ 4 ಮಿಲಿಮೀಟರ್ ಸಾರ್’ ಅನ್ನುತ್ತಾರೆ. ಮಲೆನಾಡಿನವರಾದರೆ ಜೋರು ಮಳೆಯ ದಿನಗಳಲ್ಲಿ ಎರಡು ಸಲ ಓದಿ, ಇಲ್ಲದಿದ್ದರೆ ಬಾಟಲಿ ತುಂಬಿ ಚೆಲ್ಲುತ್ತದೆ. ಗುಡುಗು ಮಿಂಚು ಇರುವಾಗ ಮಾತ್ರ ಯಾರನ್ನೂ ಹೊರಗೆ ಕಳಿಸಬೇಡಿ.

ಒಂದು ಲೆಕ್ಕ ಕಲಿಸಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಚಾವಣಿ 100 ಚದರ ಮೀಟರ್ ಇದ್ದರೆ, 20 ಮಿಲಿಮೀಟರ್ ಮಳೆಗೆ ಅದರ ಮೇಲೆ 2,000 ಲೀಟರ್ ಬೀಳುತ್ತದೆ. ಅಂದರೆ 200 ಲೀಟರಿನ 10 ಡ್ರಮ್. ಚಳ್ಳಕೆರೆಯಂಥ ಊರಿನಲ್ಲೂ ವರ್ಷಕ್ಕೆ ಸುಮಾರು 50,000 ಲೀಟರ್. ಐದನೇ ತರಗತಿಯವರು ಈ ಗುಣಾಕಾರ ತಾವೇ ಮಾಡಿದಾಗ ತರಗತಿ ಒಂದು ಕ್ಷಣ ಮೌನವಾಗುತ್ತದೆ. ಅವರ ಮನೆಯಲ್ಲಿ ಟ್ಯಾಂಕರ್‌ಗೆ ಕಾಯುವವರಿದ್ದಾರೆ.

ನಮ್ಮ ಬಾಟಲಿಯ ಅಳತೆಗೂ ಪಂಚಾಯಿತಿಯ ಮಳೆಮಾಪಕದ ಅಳತೆಗೂ ಹೊಂದುವುದಿಲ್ಲ. ನಮ್ಮದು ತಪ್ಪಾ?

ಇರಬೇಕು ಅಂತೇನಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿ ಅಳೆಯುವ ಮಳೆಮಾಪಕ ಇಟ್ಟಿದೆ. ಅದು ನಿಮ್ಮ ಶಾಲೆಯಿಂದ ಮೂರ್ನಾಲ್ಕು ಕಿಲೋಮೀಟರ್ ದೂರ ಇರಬಹುದು. ಬಯಲುಸೀಮೆಯ ಗುಡುಗು ಮಳೆ ಒಂದು ಹೊಲಕ್ಕೆ ಸುರಿದು ಪಕ್ಕದ ಹೊಲವನ್ನು ಬಿಟ್ಟು ಹೋಗುತ್ತದೆ. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ಒಣಗಿರುತ್ತೆ ಅನ್ನುವ ಮಾತೇ ಇದೆಯಲ್ಲ. ವ್ಯತ್ಯಾಸ ಯಾಕೆ ಬಂತು ಅಂತ ಮಕ್ಕಳನ್ನೇ ಕೇಳಿ.

ಮಳೆ ನಕ್ಷತ್ರಗಳನ್ನು ಹೇಳಿಕೊಡಬಹುದಾ? ಅದು ಮೂಢನಂಬಿಕೆ ಅಲ್ವಾ?

ಖಂಡಿತ ಹೇಳಿಕೊಡಿ. ಅದು ಮೊದಲಿಗೆ ಒಂದು ಕ್ಯಾಲೆಂಡರ್. ವರ್ಷದಲ್ಲಿ ಸೂರ್ಯ ಒಂದೊಂದು ನಕ್ಷತ್ರದಲ್ಲಿ 13, 14 ದಿನ ಇರುತ್ತಾನೆ ಅನ್ನುವ ಲೆಕ್ಕ. ಹಾಗಾಗಿ ರೋಹಿಣಿ ಅಂದರೆ ಮೇ ಕೊನೆ, ಆರಿದ್ರಾ ಅಂದರೆ ಜೂನ್ ಕೊನೆ, ಮಘೆ ಅಂದರೆ ಆಗಸ್ಟ್ ಕೊನೆಯ ಭಾಗ, ಸ್ವಾತಿ ಅಂದರೆ ಅಕ್ಟೋಬರ್ ಕೊನೆ. ರೈತರು ಇದನ್ನು ಹಿಡಿದುಕೊಂಡೇ ಬಿತ್ತನೆ ಮಾಡಿದವರು. "ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ", "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಇಂಥ ಗಾದೆಗಳು ಮನೆಯ ಹಿರಿಯರ ಬಾಯಲ್ಲಿ ಇನ್ನೂ ಇವೆ. ಮಕ್ಕಳು ಕೇಳಿ ಬರೆದುಕೊಂಡು ಬರಲಿ.

ಆಮೇಲೆ ಪರೀಕ್ಷೆ ಮಾಡಿ. ಬಾಟಲಿಯ ಅಳತೆಯನ್ನು ತಿಂಗಳ ಬದಲು ನಕ್ಷತ್ರದ ಪ್ರಕಾರ ಕೂಡಿಸಿ. ನಾವು ಹಾಗೆ ಮಾಡಿದಾಗ ಆರಿದ್ರಾ, ಪುನರ್ವಸು ನಮ್ಮಲ್ಲಿ ಹೆಚ್ಚುಕಡಿಮೆ ಖಾಲಿ. ಉತ್ತರೆ, ಹಸ್ತ, ಚಿತ್ತೆ ತುಂಬಿದ್ದವು. ತೀರ್ಥಹಳ್ಳಿಯ ನನ್ನ ಹಳೆಯ ಪುಸ್ತಕ ತೆಗೆದರೆ ಪೂರ್ತಿ ಉಲ್ಟಾ. ಒಂದೇ ಗಾದೆ ಎಲ್ಲ ಊರಿಗೂ ಒಂದೇ ಥರ ಹೊಂದುವುದಿಲ್ಲ ಅಂತ ಮಕ್ಕಳು ತಾವೇ ಕಂಡುಕೊಂಡರು. ನಕ್ಷತ್ರ ಮಳೆ ತರಿಸುವುದಿಲ್ಲ, ಯಾವ ಹೊತ್ತಿಗೆ ಮಳೆ ಬರಬಹುದು ಅಂತ ನೆನಪಿಡಲು ಅದು ಸಹಾಯ ಮಾಡುತ್ತದೆ. ಇಷ್ಟು ಸ್ಪಷ್ಟವಾಗಿ ಹೇಳಿದರೆ ಸಾಕು.

ಮಳೆಯ ಹೆಸರುಗಳನ್ನೂ ಸೇರಿಸಿಕೊಳ್ಳಿ: ತುಂತುರು, ಸೋನೆ, ಜಡಿ ಮಳೆ, ಆಲಿಕಲ್ಲು ಮಳೆ, ಹದ ಮಳೆ. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಅರಳಿಸುವ ಹೂಮಳೆ. ಭಾಷೆಯ ಪಾಠವೂ ಆಯಿತು.

ಮಳೆರಾಯನನ್ನು ಹೊತ್ತರೆ, ಕಪ್ಪೆ ಮದುವೆ ಮಾಡಿದರೆ ಮಳೆ ಬರುತ್ತಾ ಅಂತ ಮಗು ಕೇಳಿತು. ಏನು ಹೇಳಲಿ?

ಅದರಿಂದ ಮಳೆ ಬರುವುದಿಲ್ಲ ಅಂತ ನಿಜವನ್ನೇ ಹೇಳಿ, ಆದರೆ ಮನೆಯವರನ್ನು ಹಗುರ ಮಾಡಬೇಡಿ. ಮಣ್ಣಿನ ಮಳೆರಾಯನನ್ನು ತಲೆ ಮೇಲೆ ಹೊತ್ತು ಮನೆಮನೆಗೆ ಹೋಗುವುದು, ಉತ್ತರ ಕರ್ನಾಟಕದ ಗುರ್ಜಿ ಇವೆಲ್ಲ ಮಳೆಗೆ ಕಾದ ಜನ ಒಟ್ಟಾಗಿ ನಿಂತ ಬಗೆ. ಮಳೆ ಇಲ್ಲದ ಊರಿನಲ್ಲಿ ಅದಕ್ಕೆ ಬೆಲೆ ಇದೆ.

ಬಿದ್ದ ನೀರು ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಹೇಗೆ ಕಲಿಸೋದು?

ಮಕ್ಕಳನ್ನು ಕರೆದುಕೊಂಡು ಕೆರೆಗೆ ಹೋಗಿ. ಏರಿಯ ಮೇಲೆ ನಿಂತು ಮೂರು ಪ್ರಶ್ನೆ: ನೀರು ಎಲ್ಲಿಂದ ಒಳಗೆ ಬರುತ್ತೆ? ತೂಬು ಎಲ್ಲಿದೆ? ಕೋಡಿ ಬಿದ್ದರೆ ನೀರು ಮುಂದೆ ಯಾವ ಕೆರೆಗೆ ಹೋಗುತ್ತೆ? ನಮ್ಮ ಹಿರಿಯರು ಕೆರೆಗಳನ್ನು ಸರಪಳಿಯ ಹಾಗೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಬೆಂಗಳೂರಿನ ಶಿಕ್ಷಕರಾದರೆ ರಾಜಕಾಲುವೆಯನ್ನು ತೋರಿಸಿ. ಅದು ಚರಂಡಿಯಾಗಿ ಹುಟ್ಟಿದ್ದಲ್ಲ, ಕೆರೆಯಿಂದ ಕೆರೆಗೆ ಮಳೆನೀರಿನ ದಾರಿ ಅಂತ ಹೇಳಿ. ದೊಡ್ಡವರು ಜೊತೆ ಇಲ್ಲದೆ ಮಕ್ಕಳು ನೀರಿನ ಅಂಚಿಗೆ ಹೋಗಬಾರದು.

ಅಂತರ್ಜಲಕ್ಕೆ ಕತ್ತರಿಸಿದ ಬಾಟಲಿಯಲ್ಲಿ ಜಲ್ಲಿ, ಮರಳು, ಮೇಲೆ ಮಣ್ಣು ಹಾಕಿ ನೀರು ಸುರಿಯಿರಿ. ಒಂದು ಸ್ಟ್ರಾ ನೆಟ್ಟು ನೀರು ಎಳೆಸಿ, ಅದೇ ಕೊಳವೆಬಾವಿ. ಮೂರು ಮಕ್ಕಳು ಮೂರು ಸ್ಟ್ರಾ ಹಾಕಿ ಒಟ್ಟಿಗೆ ಎಳೆದಾಗ ಏನಾಗುತ್ತದೆ ಅಂತ ಬೇರೆ ಹೇಳಿಕೊಡಬೇಕಿಲ್ಲ. ಬಾಯಿಗೆ ಮಣ್ಣುನೀರು ಹೋಗದಂತೆ ಸ್ಟ್ರಾ ಬದಲು ಸಿರಿಂಜ್ ಬಳಸಿದರೆ ಇನ್ನೂ ಒಳ್ಳೆಯದು.

ಗಿಡಮರಗಳಿಗೂ ಜಲಚಕ್ರಕ್ಕೂ ಏನು ಸಂಬಂಧ?

ಬೇವಿನ ಕೊಂಬೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಬಿಸಿಲಿನಲ್ಲಿ ಎರಡು ಗಂಟೆ ಬಿಡಿ. ಒಳಗೆ ಹನಿ ಮೂಡುತ್ತದೆ. ಬೇರು ಹೀರಿದ ನೀರನ್ನು ಎಲೆ ಗಾಳಿಗೆ ಬಿಡುತ್ತದೆ. ಆದರೆ "ನಾವು ಗಿಡ ನೆಟ್ಟರೆ ನಮ್ಮೂರಿಗೆ ಮಳೆ ಬರುತ್ತೆ" ಅಂತ ಮಕ್ಕಳಿಗೆ ಮಾತು ಕೊಡಬೇಡಿ. ಮುಂದಿನ ವರ್ಷ ಮಳೆ ಬಾರದಿದ್ದರೆ ಅವರು ಗಿಡದ ಮೇಲೂ ನಿಮ್ಮ ಮೇಲೂ ನಂಬಿಕೆ ಕಳೆದುಕೊಳ್ಳುತ್ತಾರೆ. ಮರ ಇದ್ದರೆ ಬಿದ್ದ ನೀರು ಇಂಗುತ್ತದೆ, ಮಣ್ಣು ಕೊಚ್ಚಿ ಹೋಗುವುದಿಲ್ಲ, ನೆರಳಿರುತ್ತದೆ. ಇಷ್ಟು ಹೇಳಿದರೂ ಗಿಡ ನೆಡಲು ಕಾರಣ ಸಾಕು.

ಬರ, ನೆರೆಯ ಬಗ್ಗೆ ಹೇಳಿದರೆ ಮಕ್ಕಳು ಹೆದರುವುದಿಲ್ಲವೇ?

ಅವರು ಆಗಲೇ ನೋಡಿದ್ದಾರೆ. ಬರದ ವರ್ಷ ಅಪ್ಪ ಅಮ್ಮ ಬೆಂಗಳೂರಿಗೆ ಕೂಲಿಗೆ ಹೋದಾಗ ಅಜ್ಜಿಯ ಹತ್ತಿರ ಉಳಿದ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಸುಮ್ಮನಿದ್ದರೆ ಅವರ ಭಯ ಕಡಿಮೆ ಆಗುವುದಿಲ್ಲ. ಅವರ ಮಾತನ್ನು ಮೊದಲು ಕೇಳಿ. ಆಮೇಲೆ ಕಾರಣ ಹೇಳಿ, ಕೈಯಲ್ಲಿ ಆಗುವ ಒಂದು ಕೆಲಸ ಕೊಡಿ. ಕೈ ತೊಳೆಯುವ ನೀರನ್ನು ಶಾಲೆಯ ನುಗ್ಗೆ ಗಿಡಕ್ಕೆ ತಿರುಗಿಸುವ ಕಾಲುವೆಯನ್ನು ನಮ್ಮಲ್ಲಿ ಮಕ್ಕಳೇ ತೋಡಿದರು.

ಪಾಠ ಮಕ್ಕಳಿಗೆ ತಿಳಿದಿದೆಯೇ ಅಂತ ಹೇಗೆ ನೋಡೋದು?

ವ್ಯಾಖ್ಯೆ ಬರೆಸಬೇಡಿ. ಖಾಲಿ ಹಾಳೆ ಕೊಟ್ಟು, "ನಮ್ಮೂರಿನ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಬಿಡಿಸಿ" ಅನ್ನಿ. ಯಾವ ಬಾಣ ಯಾಕೆ ಅಂತ ಬಾಯಲ್ಲಿ ಹೇಳಿಸಿ. ಲೋಟದ ಹನಿಯನ್ನು ನೆನಪಿಟ್ಟುಕೊಂಡು ಮೋಡವನ್ನು ವಿವರಿಸಿದರೆ ಆ ಮಗುವಿಗೆ ತಿಳಿದಿದೆ.

"ನಮ್ಮೂರು ಎಲ್ಲಿದೆ" ಅಂತ ಕೇಳಿದ್ದಳಲ್ಲ, ಆ ಹುಡುಗಿ ಐದನೇ ತರಗತಿಯಲ್ಲಿ ಬಿಡಿಸಿದ ಹಾಳೆ ನನ್ನ ಬಳಿ ಇನ್ನೂ ಇದೆ. ಸಮುದ್ರವನ್ನು ಹಾಳೆಯ ಮೂಲೆಯಲ್ಲಿ ಚಿಕ್ಕದಾಗಿ ಹಾಕಿದ್ದಳು. ನಡುವೆ ಘಟ್ಟ, ಘಟ್ಟದ ಈಚೆ ಬಿಳಿ ಮೋಡ, ಅವರ ಶೇಂಗಾ ಹೊಲ, ಹೊಲದಲ್ಲಿ ಕೊಳವೆಬಾವಿ. ನೆಲಕ್ಕೆ ಇಳಿಯುವ ಬಾಣ ಸಣ್ಣಗೆ, ಕೊಳವೆಬಾವಿಯಿಂದ ಮೇಲೆ ಬರುವ ಬಾಣ ದಪ್ಪಗೆ. ಯಾಕಮ್ಮ ಹೀಗೆ ಅಂದೆ. "ನಮ್ಮಪ್ಪ ಹೋದ ವರ್ಷ ಇನ್ನೂ ಆಳಕ್ಕೆ ಕೊರೆಸಿದರು ಸಾರ್" ಅಂದಳು.